ಬೇರೆ ಬೇರೆ ಊರು, ಒಂದೇ ಹಾಡು: ಬ್ಯಾಂಡಿನ ರೆಕಾರ್ಡಿಂಗ್ ಹಂಚಿಕೊಳ್ಳಲು ಯಾವ ದಾರಿ ಸರಿ?

ಬ್ಯಾಂಡಿನಲ್ಲಿ ನಾಲ್ಕು ಜನ, ನಾಲ್ವರೂ ನಾಲ್ಕು ಕಡೆ. ಡ್ರಮ್ಸ್ ಒಬ್ಬರ ಕಂಪ್ಯೂಟರಿನಲ್ಲಿದೆ, ಹಾಡಿದ್ದು ಇನ್ನೊಬ್ಬರ ಫೋನಿನಲ್ಲಿದೆ, ಬೇಸ್ ಇನ್ನೂ ನುಡಿಸಿಯೇ ಇಲ್ಲ. ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಯಾವ ಆ್ಯಪ್ ಒಳ್ಳೆಯದು?

ಅದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಇಲ್ಲಿ ಮೂರು ಬೇರೆ ಬೇರೆ ಕೆಲಸ ಒಂದಕ್ಕೊಂದು ಅಂಟಿಕೊಂಡಿವೆ. ಮಾಡಿದ್ದನ್ನು ಕೇಳಿಸಿ ‘ಹೇಗಿದೆ?’ ಅಂತ ಕೇಳುವುದು ಒಂದು. ಒಬ್ಬರ ಟ್ರ್ಯಾಕಿನ (ಒಂದು ವಾದ್ಯದ ಅಥವಾ ಗಾಯನದ ಬಿಡಿ ರೆಕಾರ್ಡಿಂಗ್) ಮೇಲೆ ಇನ್ನೊಬ್ಬರು ನುಡಿಸಿ ಸೇರಿಸುತ್ತಾ ಹೋಗುವುದು ಇನ್ನೊಂದು. ಎಲ್ಲರೂ ಒಂದೇ ಹೊತ್ತಿಗೆ ಇಂಟರ್ನೆಟ್ ಮೂಲಕ ಒಟ್ಟಿಗೆ ನುಡಿಸುವುದು ಮೂರನೆಯದು. ಒಂದಕ್ಕೆ ಒಗ್ಗುವ ಸಾಧನ ಇನ್ನೊಂದಕ್ಕೆ ಒಗ್ಗುವುದಿಲ್ಲ. ನಿಮಗೆ ಈಗ ಬೇಕಾಗಿರುವುದು ಯಾವುದು ಅಂತ ಮೊದಲು ಗೊತ್ತುಮಾಡಿಕೊಂಡರೆ ಅರ್ಧ ತಲೆನೋವು ಅಲ್ಲೇ ಹೋಗುತ್ತದೆ.

ಬರೀ ಕೇಳಿಸಬೇಕು ಅಂದರೆ

ರಿಹರ್ಸಲ್‌ನಲ್ಲಿ ಫೋನಿನಲ್ಲಿ ಹಿಡಿದ ತುಣುಕು, ಈಗಷ್ಟೇ ಹೊಳೆದ ಒಂದು ಸಾಲು – ಇಂಥದ್ದಕ್ಕೆ ವಾಟ್ಸ್‌ಆ್ಯಪ್ ಗ್ರೂಪ್ ಸಾಕು. ಆದರೆ ವಾಯ್ಸ್ ನೋಟ್ ಆಗಿ ಕಳಿಸಬೇಡಿ. ಅದು ಮಾತಿಗೆ ಅಂತ ಕುಗ್ಗಿಸಿದ ಧ್ವನಿ. ಬೇಸಿನ ತೂಕ, ಸಿಂಬಲ್‌ಗಳ ಮಿನುಗು ಎರಡೂ ಹಾಳಾಗುತ್ತವೆ. ಅದೇ ಫೈಲನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ, 2 ಜಿಬಿವರೆಗೂ. ಇದರ ದೊಡ್ಡ ತೊಂದರೆ ಗುಣಮಟ್ಟದ್ದಲ್ಲ, ಹುಡುಕಾಟದ್ದು. ಹುಟ್ಟುಹಬ್ಬದ ಶುಭಾಶಯಗಳ ನಡುವೆ ಹೋದ ವಾರದ ಮಿಕ್ಸ್ (ಎಲ್ಲ ಟ್ರ್ಯಾಕ್ ಸೇರಿಸಿ ಹದ ಮಾಡಿದ ಹಾಡು) ಎಲ್ಲಿ ಹೂತುಹೋಯಿತು ಅಂತ ಮೇಲೆ ಮೇಲೆ ಎಳೆಯುತ್ತಾ ಕೂರಬೇಕು.

ಮಿಕ್ಸ್ ಕೇಳಿಸಿ ಅಭಿಪ್ರಾಯ ಪಡೆಯಬೇಕಿದ್ದರೆ ಸೌಂಡ್‌ಕ್ಲೌಡ್‌ನ ಖಾಸಗಿ ಲಿಂಕ್ ಇದಕ್ಕಿಂತ ಎಷ್ಟೋ ವಾಸಿ. 2008ರಲ್ಲಿ ಬರ್ಲಿನ್‌ನಿಂದ ಶುರುವಾದ ಈ ಸೇವೆಯ ಹಿಂದಿದ್ದದ್ದೇ ಸಂಗೀತಗಾರರು ತಮ್ಮತಮ್ಮಲ್ಲಿ ರೆಕಾರ್ಡಿಂಗ್ ಕಳಿಸಿಕೊಳ್ಳಲು ಪಡುತ್ತಿದ್ದ ಪಾಡು. ಇವತ್ತಿಗೂ ಅದರ ಅತಿ ಉಪಯುಕ್ತ ಗುಣ ಅಂದರೆ ಹಾಡಿನ ನಿರ್ದಿಷ್ಟ ಕ್ಷಣದ ಮೇಲೇ ಕಾಮೆಂಟ್ ಹಾಕುವುದು. ‘ಡ್ರಮ್ಸ್ ಸ್ವಲ್ಪ ಜಾಸ್ತಿ ಆಯ್ತು’ ಅನ್ನುವುದಕ್ಕೂ 1:42ರ ಮೇಲೆ ಕೂತಿರುವ ‘ಇಲ್ಲಿ ಸ್ನೇರ್ ಜಾಸ್ತಿ’ ಅನ್ನುವುದಕ್ಕೂ ಅಜಗಜಾಂತರ. ಮಿಕ್ಸ್ ಮಾಡುವವರಿಗೆ ಎರಡನೆಯದರಿಂದ ಮಾತ್ರ ಉಪಯೋಗ. ಡ್ರಾಪ್‌ಬಾಕ್ಸ್ ರಿಪ್ಲೇ ಕೂಡ ಇದೇ ಕೆಲಸ ಮಾಡುತ್ತದೆ, ನೀವು ಆಗಲೇ ಡ್ರಾಪ್‌ಬಾಕ್ಸ್ ಬಳಸುತ್ತಿದ್ದರೆ ಅದೇ ಅನುಕೂಲ. ಒಂದು ಎಚ್ಚರ: ಸೌಂಡ್‌ಕ್ಲೌಡ್‌ನಲ್ಲಿ ಕೇಳುವುದು ಕುಗ್ಗಿಸಿದ ಸ್ಟ್ರೀಮ್. ಸಿಂಬಲ್ ಕರ್ಕಶವಾಗಿದೆಯೋ ಇಲ್ಲವೋ ಅನ್ನುವಂಥ ಸೂಕ್ಷ್ಮ ತೀರ್ಮಾನಕ್ಕೆ ಮೂಲ ಫೈಲನ್ನೇ ಇಳಿಸಿಕೊಂಡು ಕೇಳಿ.

ಟ್ರ್ಯಾಕ್ ಮೇಲೆ ಟ್ರ್ಯಾಕ್: ಹಂಚಿಕೊಂಡ ಫೋಲ್ಡರ್

ಬಹುತೇಕ ಬ್ಯಾಂಡ್‌ಗಳಿಗೆ ನಿಜವಾಗಿ ಬೇಕಾಗಿರುವುದು ಈ ಎರಡನೇ ಕೆಲಸ. ಇದಕ್ಕೆ ನನ್ನ ಮತ ಯಾವತ್ತೂ ಅತ್ಯಂತ ಸಪ್ಪೆ ಅನ್ನಿಸುವ ದಾರಿಗೇ: ಒಂದು ಹಂಚಿಕೊಂಡ ಫೋಲ್ಡರ್, ಅದರೊಳಗೆ ವೇವ್ (WAV, ಕುಗ್ಗಿಸದ ಧ್ವನಿ) ಫೈಲ್‌ಗಳು. ಯಾರು ಯಾವ ರೆಕಾರ್ಡಿಂಗ್ ಸಾಫ್ಟ್‌ವೇರ್ ಬೇಕಾದರೂ ಇಟ್ಟುಕೊಳ್ಳಲಿ. ರೀಪರ್ ಇರಲಿ, ಲಾಜಿಕ್ ಇರಲಿ, ಕ್ಯೂಬೇಸ್ ಇರಲಿ, ವೇವ್ ಫೈಲ್ ಎಲ್ಲದರಲ್ಲೂ ತೆರೆಯುತ್ತದೆ.

ಎಷ್ಟು ಜಾಗ ಬೇಕು ಅಂತ ಮೊದಲು ಲೆಕ್ಕ ಹಾಕೋಣ. 48 ಕಿಲೋಹರ್ಟ್ಸ್ (ಇದೇ ಸ್ಯಾಂಪಲ್ ರೇಟ್, ಅಂದರೆ ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆಯುವುದು), 24 ಬಿಟ್‌ನಲ್ಲಿ ಮಾಡಿದ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ ತಿನ್ನುತ್ತದೆ. ನಾಲ್ಕು ನಿಮಿಷದ ಹಾಡು, 12 ಟ್ರ್ಯಾಕ್ ಅಂದರೆ 415 ಎಂಬಿ ಹತ್ತಿರ. ನಿಮ್ಮ ಅಪ್‌ಲೋಡ್ ವೇಗ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್, 8 ಬಿಟ್ ಅಂದರೆ ಒಂದು ಬೈಟ್) ಇದ್ದರೆ ಇದು ಏರಲು 11 ನಿಮಿಷ, 1 ಎಂಬಿಪಿಎಸ್ ಆದರೆ ಹೆಚ್ಚು ಕಡಿಮೆ ಒಂದು ಗಂಟೆ. ಫ್ಲ್ಯಾಕ್ (FLAC, ನಷ್ಟವಿಲ್ಲದೆ ಕುಗ್ಗಿಸುವ ಫಾರ್ಮ್ಯಾಟ್) ಮಾಡಿ ಕಳಿಸಿದರೆ ಗಾತ್ರ ಸಾಮಾನ್ಯವಾಗಿ ಮೂಲದ ಅರ್ಧದಿಂದ ಮುಕ್ಕಾಲಿನಷ್ಟಕ್ಕೆ ಇಳಿಯುತ್ತದೆ, ಧ್ವನಿಯಲ್ಲಿ ಒಂದು ಚೂರೂ ನಷ್ಟ ಇಲ್ಲ. ಕೆಲವು ಸಾಫ್ಟ್‌ವೇರ್‌ಗಳು ಫ್ಲ್ಯಾಕನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ, ಒಮ್ಮೆ ಎಲ್ಲರೂ ಪರೀಕ್ಷೆ ಮಾಡಿ ನೋಡಿಕೊಳ್ಳಿ.

ಉಚಿತ ಖಾತೆಗಳಲ್ಲಿ ಗೂಗಲ್ ಡ್ರೈವ್ 15 ಜಿಬಿ ಕೊಡುತ್ತದೆ (ಜಿಮೇಲ್, ಫೋಟೋಸ್ ಎಲ್ಲ ಸೇರಿ), ಒನ್‌ಡ್ರೈವ್ 5, ಡ್ರಾಪ್‌ಬಾಕ್ಸ್ 2. ಅಂಕಿ ನೋಡಿ ಡ್ರೈವ್ ಅಂತ ಹೇಳಿಬಿಡಬಹುದು. ಆದರೆ ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಬೇರೆ ಇದೆ. ಗೂಗಲ್ ಡ್ರೈವ್‌ನಲ್ಲಿ ಫೈಲ್ ಯಾರದೋ ಅವರ ಜಾಗ ಮಾತ್ರ ಖರ್ಚಾಗುತ್ತದೆ. ಡ್ರಾಪ್‌ಬಾಕ್ಸ್‌ನಲ್ಲಿ ಹಂಚಿಕೊಂಡ ಫೋಲ್ಡರ್ ಪ್ರತಿಯೊಬ್ಬ ಸದಸ್ಯರ ಖಾತೆಯಲ್ಲೂ ಜಾಗ ಹಿಡಿಯುತ್ತದೆ. ಒಬ್ಬರು ದುಡ್ಡು ಕೊಟ್ಟು ದೊಡ್ಡ ಖಾತೆ ತೆಗೆದುಕೊಂಡರೂ ಉಚಿತ ಖಾತೆಯ ಡ್ರಮ್ಮರ್‌ಗೆ ಐದನೇ ಹಾಡಿನ ಹೊತ್ತಿಗೆ ‘ಜಾಗ ತುಂಬಿದೆ’ ಅಂತ ಬರುತ್ತದೆ. ಡ್ರಾಪ್‌ಬಾಕ್ಸ್ ಪರವಾಗಿ ಹೇಳಬೇಕಾದದ್ದೂ ಇದೆ. ಕಂಪ್ಯೂಟರಿನಲ್ಲಿ ಅದು ಸಿಂಕ್ ಆಗುವ ರೀತಿ ಚೊಕ್ಕಟ, ಫೈಲಿನಲ್ಲಿ ಬದಲಾದ ಭಾಗವನ್ನಷ್ಟೇ ಕಳಿಸುತ್ತದೆ. ಎಲ್ಲರೂ ದುಡ್ಡು ಕೊಡಲು ಸಿದ್ಧವಿದ್ದರೆ ಅದು, ಇಲ್ಲದಿದ್ದರೆ ಡ್ರೈವ್.

ವಿಟ್ರಾನ್ಸ್‌ಫರ್‌ನಂಥ ಸೇವೆಗಳು ಮಿಕ್ಸಿಂಗ್ ಎಂಜಿನಿಯರ್‌ಗೆ ಒಂದೇ ಸಲ ಎಲ್ಲ ಕಟ್ಟಿ ಕಳಿಸಲು ಸರಿ. ಉಚಿತ ಲಿಂಕ್ ಕೆಲವೇ ದಿನಗಳಲ್ಲಿ ಸಾಯುತ್ತದೆ, ಬ್ಯಾಂಡಿನ ಗೋದಾಮಾಗಿ ಬೇಡ. ಕಂಪ್ಯೂಟರ್ ಗೀಳಿನವರು ಒಬ್ಬರಾದರೂ ಇದ್ದರೆ ಸಿಂಕ್‌ಥಿಂಗ್ ನೋಡಿ. ನಡುವೆ ಯಾವ ಕಂಪನಿಯ ಡಿಸ್ಕೂ ಇಲ್ಲದೆ ಕಂಪ್ಯೂಟರಿನಿಂದ ಕಂಪ್ಯೂಟರಿಗೇ ಫೋಲ್ಡರ್ ಹೊಂದಿಸುತ್ತದೆ, ಉಚಿತ, ಜಾಗದ ಮಿತಿಯೂ ಇಲ್ಲ. ಆದರೆ ಎರಡೂ ಕಡೆಯ ಕಂಪ್ಯೂಟರ್ ಒಂದೇ ಹೊತ್ತಿನಲ್ಲಿ ಆನ್ ಇರಬೇಕು.

ಫೋಲ್ಡರ್ ದಾರಿಯಲ್ಲಿ ಕೆಡುವುದು ಎಲ್ಲಿ?

ಸೇವೆ ಯಾವುದು ಅನ್ನುವುದಕ್ಕಿಂತ ಫೈಲ್ ಹೇಗೆ ಕಳಿಸುತ್ತೀರಿ ಅನ್ನುವುದರಲ್ಲೇ ಹೆಚ್ಚಿನ ಜಗಳ ಹುಟ್ಟುವುದು. ಮೊದಲನೆಯದು, ಪ್ರತಿ ಟ್ರ್ಯಾಕೂ ಸೊನ್ನೆಯಿಂದ ಶುರುವಾಗಬೇಕು. ಕೋರಸ್‌ನ ಹಿಮ್ಮೇಳ 1:10ಕ್ಕೆ ಬರುತ್ತದೆ ಅಂದುಕೊಳ್ಳಿ. ಆ ಹಾಡಿದ ತುಂಡನ್ನಷ್ಟೇ ಕತ್ತರಿಸಿ ಕಳಿಸಿದರೆ ತೆಗೆದುಕೊಂಡವರು ಅದನ್ನು ಎಲ್ಲಿ ಕೂರಿಸಬೇಕು? ಕಿವಿಯ ಅಂದಾಜಿನಲ್ಲಿ ಕೂರಿಸುತ್ತಾರೆ, ಅಂದಾಜು ತಪ್ಪುತ್ತದೆ. ಮೊದಲ ಎಪ್ಪತ್ತು ಸೆಕೆಂಡು ನಿಶ್ಶಬ್ದವಾಗಿದ್ದರೂ ಸೊನ್ನೆಯಿಂದಲೇ ಎಕ್ಸ್‌ಪೋರ್ಟ್ ಮಾಡಿ. ಆಗ ಎಲ್ಲ ಫೈಲನ್ನೂ ಎಳೆದು ಮೊದಲ ಬಾರ್‌ಗೆ ಅಂಟಿಸಿದರೆ ಸಾಕು, ತಾನೇ ಹೊಂದಿಕೊಳ್ಳುತ್ತದೆ. ಫ್ಲ್ಯಾಕ್‌ನಲ್ಲಿ ನಿಶ್ಶಬ್ದಕ್ಕೆ ಜಾಗವೇ ಹಿಡಿಯುವುದಿಲ್ಲ ಅನ್ನಬಹುದು.

ಎರಡನೆಯದು ಕಣ್ಣಿಗೆ ಬೀಳದ ಕಳ್ಳ. ನುಡಿಸಲು ಆಧಾರವಾಗಿ ಒಂದು ಕಚ್ಚಾ ಮಿಕ್ಸ್ ಕಳಿಸುತ್ತೀರಿ, ಹಗುರ ಇರಲಿ ಅಂತ ಎಂಪಿ3 ಮಾಡುತ್ತೀರಿ. ಎಂಪಿ3 ಆಗುವಾಗ ಫೈಲಿನ ಮೊದಲಿಗೆ ಒಂದಿಷ್ಟು ಖಾಲಿ ಜಾಗ ಸೇರಿಕೊಳ್ಳುತ್ತದೆ. ಬಹಳ ಕಡೆ ಬಳಕೆಯಲ್ಲಿರುವ ಲೇಮ್ ಎನ್‌ಕೋಡರ್‌ನಲ್ಲಿ, ಬಿಚ್ಚುವಾಗಿನ ವಿಳಂಬವೂ ಸೇರಿ, ಇದು 1105 ಸ್ಯಾಂಪಲ್. 44.1 ಕಿಲೋಹರ್ಟ್ಸ್‌ನಲ್ಲಿ 25 ಮಿಲಿಸೆಕೆಂಡ್. ಕೆಲವು ಸಾಫ್ಟ್‌ವೇರ್ ಇದನ್ನು ಕತ್ತರಿಸಿ ತೆರೆಯುತ್ತದೆ, ಕೆಲವು ಕತ್ತರಿಸುವುದಿಲ್ಲ. ಕತ್ತರಿಸದ ಕಡೆ ಬೇಸ್ ನುಡಿಸಿದವರು ಆ ಎಂಪಿ3ಗೆ ಸರಿಯಾಗೇ ನುಡಿಸಿರುತ್ತಾರೆ. ಅವರ ಟ್ರ್ಯಾಕನ್ನು ಮೂಲ ಡ್ರಮ್ಸ್ ಪಕ್ಕ ಇಟ್ಟಾಗ ಮಾತ್ರ ಪ್ರತಿ ಏಟಿಗೂ 25 ಮಿಲಿಸೆಕೆಂಡ್ ಹಿಂದೆ. ತಾಳ ತಪ್ಪಿದೆ ಅನ್ನುವಂತಿಲ್ಲ, ಆದರೆ ಹಾಡು ಯಾಕೋ ಕಾಲೆಳೆಯುತ್ತಿದೆ. ಬೈಗುಳ ತಿನ್ನುವುದು ಪಾಪ ಬೇಸ್‌ನವರು. ಆಧಾರದ ಮಿಕ್ಸನ್ನೂ ವೇವ್ ಆಗಿಯೇ ಕಳಿಸಿ, ಶುರುವಿನಲ್ಲಿ ಎರಡು ಬಾರ್ ಕ್ಲಿಕ್ ಬಿಡಿ, ಆ ಕ್ಲಿಕ್ ಸದ್ದು ಎರಡೂ ಕಡೆ ಒಂದೇ ಜಾಗದಲ್ಲಿದೆಯಾ ಅಂತ ನೋಡಿ. ಮುಗಿಯಿತು.

ಸ್ಯಾಂಪಲ್ ರೇಟ್ ಒಂದೇ ಇರಲಿ. 44.1ರಲ್ಲಿ ಮಾಡಿದ ಫೈಲನ್ನು ಪರಿವರ್ತಿಸದೆ 48ರ ಸೆಷನ್‌ನಲ್ಲಿ ಓಡಿಸಿದರೆ ವೇಗ ಸುಮಾರು ಶೇಕಡ 9 ಏರುತ್ತದೆ, ಶ್ರುತಿ ಒಂದೂವರೆ ಸೆಮಿಟೋನ್ ಹತ್ತಿರ ಮೇಲೆ ಹೋಗುತ್ತದೆ. ಈಗಿನ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಎಚ್ಚರಿಸುತ್ತವೆ, ಅವಸರದಲ್ಲಿ ಆ ಪೆಟ್ಟಿಗೆಯನ್ನು ಯಾರೂ ಓದುವುದಿಲ್ಲ ಅಷ್ಟೇ.

ಗಿಟಾರ್‌ನವರಿಗೆ ಒಂದು ಮಾತು. ಕಂಪ್ಯೂಟರಿನೊಳಗಿನ ಆಂಪ್ (ಆಂಪ್ಲಿಫೈಯರ್ ಕೆಲಸ ಮಾಡುವ ಸಾಫ್ಟ್‌ವೇರ್) ಬಳಸಿದ್ದರೆ ಎರಡು ಫೈಲ್ ಕಳಿಸಿ: ಎಫೆಕ್ಟ್ ಹಾಕಿದ್ದು ಒಂದು, ತಂತಿಯಿಂದ ನೇರ ಬಂದ ಒಣ ಧ್ವನಿ ಇನ್ನೊಂದು. ಮಿಕ್ಸ್ ಹೊತ್ತಿಗೆ ಡಿಸ್ಟಾರ್ಷನ್ ಜಾಸ್ತಿ ಅನ್ನಿಸಿದರೆ ಮತ್ತೆ ನುಡಿಸುವ ಕಷ್ಟ ತಪ್ಪುತ್ತದೆ.

ಫೈಲಿಗೆ ಹೆಸರಿಡುವಾಗ ‘ಫೈನಲ್’ ಅನ್ನುವ ಪದವನ್ನೇ ಬಿಡಿ. ಹಾಡಿನ ಹೆಸರು, ವಾದ್ಯ, ವೇಗ, ಸಂಖ್ಯೆ: ‘ಮುಂಜಾವು_ಬೇಸ್_92_04’. ಹಳೆಯದರ ಮೇಲೆ ಹೊಸದನ್ನು ಬರೆಯಬೇಡಿ. ಡ್ರೈವ್ ಹಳೆಯ ಆವೃತ್ತಿಗಳನ್ನು 30 ದಿನ ಅಥವಾ 100 ಆವೃತ್ತಿವರೆಗೆ ಇಡುತ್ತದೆ, ಉಚಿತ ಡ್ರಾಪ್‌ಬಾಕ್ಸ್ ಕೂಡ 30 ದಿನ. ಬ್ಯಾಂಡ್‌ಗಳು ಒಂದು ಹಾಡಿಗೆ ತೆಗೆದುಕೊಳ್ಳುವ ಸಮಯ ನಿಮಗೇ ಗೊತ್ತು, ಅಲ್ವಾ?

ಪ್ರಾಜೆಕ್ಟ್ ಫೈಲನ್ನೇ ಕೊಟ್ಟುಬಿಡುವುದು

ಎಲ್ಲರೂ ಒಂದೇ ಸಾಫ್ಟ್‌ವೇರ್, ಒಂದೇ ಆವೃತ್ತಿ, ವಾದ್ಯ ಮತ್ತು ಎಫೆಕ್ಟ್ ಸೇರಿಸುವ ಒಂದೇ ಪ್ಲಗಿನ್‌ಗಳು – ಈ ಮೂರೂ ಇದ್ದರೆ ಪ್ರಾಜೆಕ್ಟ್ ಫೈಲ್ (ಸಾಫ್ಟ್‌ವೇರಿನಲ್ಲಿ ಮಾಡಿದ ಇಡೀ ಕೆಲಸ ಉಳಿಸುವ ಫೈಲ್) ಹಂಚಿಕೊಳ್ಳುವಷ್ಟು ಸುಖ ಇನ್ನಿಲ್ಲ. ಧ್ವನಿ ಮಟ್ಟದ ಫೇಡರ್ ಎಲ್ಲಿತ್ತೋ ಅಲ್ಲೇ ಇರುತ್ತದೆ, ಎಡಿಟ್ ಮಾಡಿದ ಗೆರೆಗಳೂ ಸಿಗುತ್ತವೆ. ಮೂರರಲ್ಲಿ ಒಂದು ತಪ್ಪಿದರೂ ತೆರೆದ ಕೂಡಲೇ ‘ಪ್ಲಗಿನ್ ಸಿಗುತ್ತಿಲ್ಲ’ ಅನ್ನುವ ಪಟ್ಟಿ ಬರುತ್ತದೆ, ಕೀಬೋರ್ಡ್ ಟ್ರ್ಯಾಕ್ ಮೂಕವಾಗಿ ಕೂತಿರುತ್ತದೆ.

ಆಡಿಯೋ ಫೈಲ್‌ಗಳು ಪ್ರಾಜೆಕ್ಟ್ ಫೋಲ್ಡರಿನ ಹೊರಗೆ ಎಲ್ಲೋ ಉಳಿದುಬಿಡುವುದು ಸಾಮಾನ್ಯ. ಅದಕ್ಕೇ ಏಬಲ್ಟನ್ ಲೈವ್‌ನಲ್ಲಿ ‘ಕಲೆಕ್ಟ್ ಆಲ್ ಆ್ಯಂಡ್ ಸೇವ್’ ಇದೆ, ಕ್ಯೂಬೇಸ್‌ನಲ್ಲಿ ‘ಬ್ಯಾಕಪ್ ಪ್ರಾಜೆಕ್ಟ್’, ಎಫ್‌ಎಲ್ ಸ್ಟುಡಿಯೋದಲ್ಲಿ ‘ಜಿಪ್ಡ್ ಲೂಪ್ ಪ್ಯಾಕೇಜ್’. ಕಳಿಸುವ ಮುನ್ನ ಅದನ್ನು ಒತ್ತಿ. ಇನ್ನೊಂದು, ಹಂಚಿಕೊಂಡ ಫೋಲ್ಡರಿನಲ್ಲಿರುವ ಪ್ರಾಜೆಕ್ಟನ್ನು ಇಬ್ಬರು ಒಂದೇ ಹೊತ್ತಿಗೆ ತೆರೆದು ಸೇವ್ ಮಾಡಿದರೆ ಡ್ರಾಪ್‌ಬಾಕ್ಸ್ ಎರಡು ಪ್ರತಿ ಮಾಡಿಟ್ಟು ಕೈ ತೊಳೆದುಕೊಳ್ಳುತ್ತದೆ. ಎರಡನ್ನೂ ಬೆಸೆಯುವುದು ನಿಮ್ಮ ಹಣೆಬರಹ. ‘ಹಾಡು ಈಗ ನನ್ನ ಹತ್ತಿರ ಇದೆ’ ಅಂತ ಗ್ರೂಪಿನಲ್ಲಿ ಒಂದು ಸಾಲು ಹಾಕಿ ಶುರುಮಾಡುವ ರೂಢಿ ಇದ್ದರೆ ಸಾಕು.

ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ಸೇತುವೆಯಾಗಲು 2023ರಲ್ಲಿ ಬಿಟ್‌ವಿಗ್ ಮತ್ತು ಪ್ರಿಸೋನಸ್ ಸೇರಿ ಡಾಪ್ರಾಜೆಕ್ಟ್ ಅನ್ನುವ ಮುಕ್ತ ಫಾರ್ಮ್ಯಾಟ್ ತಂದವು. ಕ್ಯೂಬೇಸ್ ಕೂಡ ಆಮೇಲೆ ಸೇರಿಕೊಂಡಿತು. ನಿಮ್ಮ ಬ್ಯಾಂಡಿನಲ್ಲಿ ಈ ಸಾಫ್ಟ್‌ವೇರ್‌ಗಳೇ ಇದ್ದರೆ ಖಂಡಿತ ಪ್ರಯೋಗಿಸಿ. ಆದರೂ ಪ್ಲಗಿನ್ ಎರಡೂ ಕಡೆ ಇರಲೇಬೇಕು, ಅದನ್ನು ಯಾವ ಫಾರ್ಮ್ಯಾಟೂ ಹೊತ್ತು ತರುವುದಿಲ್ಲ. ಪ್ರೋ ಟೂಲ್ಸ್‌ನವರಿಗೆ 2016ರ 12.5 ಆವೃತ್ತಿಯಲ್ಲಿ ಒಳಗೇ ಕ್ಲೌಡ್ ಸಹಯೋಗ ಬಂತು.

ಬ್ರೌಸರಿನೊಳಗಿನ ಸ್ಟುಡಿಯೋ

ಹಾಡುವವರ ಹತ್ತಿರ ಫೋನ್ ಬಿಟ್ಟು ಬೇರೇನೂ ಇಲ್ಲ, ‘ಎಕ್ಸ್‌ಪೋರ್ಟ್’ ಅಂದರೆ ಮುಖ ನೋಡುತ್ತಾರೆ. ಅಂಥ ಬ್ಯಾಂಡಿಗೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಅಲ್ಲಿಗೆ ಬ್ಯಾಂಡ್‌ಲ್ಯಾಬ್ ಸರಿ. ಫೋನ್, ಬ್ರೌಸರ್ ಎರಡರಲ್ಲೂ ನಡೆಯುತ್ತದೆ, ಶುರುಮಾಡಲು ದುಡ್ಡು ಬೇಡ. ಪ್ರಾಜೆಕ್ಟಿಗೆ ಸದಸ್ಯರನ್ನು ಕರೆದರೆ ಅವರು ತಮ್ಮ ಟ್ರ್ಯಾಕ್ ಅಲ್ಲೇ ಹಾಡಿ ಸೇವ್ ಮಾಡುತ್ತಾರೆ. ಪ್ರತಿ ಸೇವ್ ಕೂಡ ಒಂದು ಬೇರೆ ಆವೃತ್ತಿಯಾಗಿ ಉಳಿಯುತ್ತದೆ. ಯಾರೋ ಕೆಡಿಸಿದರೆ ಹಿಂದಿನದಕ್ಕೆ ಹೋಗಬಹುದು. ಫೋಲ್ಡರ್ ಶಿಸ್ತನ್ನು ಯಾರೂ ಪಾಲಿಸದ ಬ್ಯಾಂಡಿಗೆ ಇದೊಂದೇ ದೊಡ್ಡ ವರ.

ಸೌಂಡ್‌ಟ್ರ್ಯಾಪ್ ಇದೇ ಜಾತಿಯದು. ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿತು, 2017ರಲ್ಲಿ ಸ್ಪಾಟಿಫೈ ಕೊಂಡುಕೊಂಡಿತು, 2023ರಲ್ಲಿ ಮತ್ತೆ ಸ್ಥಾಪಕರ ಕೈಗೇ ಬಂತು. ಒಂದೇ ಪ್ರಾಜೆಕ್ಟಿನಲ್ಲಿ ಹಲವರು ಕೂತು ಮಾತಾಡುತ್ತಾ ತಿದ್ದುವ ಅನುಕೂಲ ಇದರಲ್ಲಿ ಚೆನ್ನಾಗಿದೆ. ಉಚಿತ ಖಾತೆಯಲ್ಲಿ ಕಟ್ಟುಪಾಡು ಜಾಸ್ತಿ. ಎರಡರಲ್ಲಿ ಒಂದನ್ನು ಆರಿಸು ಅಂದರೆ ಬ್ಯಾಂಡಿಗೆ ಬ್ಯಾಂಡ್‌ಲ್ಯಾಬ್ ಅನ್ನುತ್ತೇನೆ, ತರಗತಿಗೆ ಸೌಂಡ್‌ಟ್ರ್ಯಾಪ್.

ಮಿತಿಗಳೂ ಗೊತ್ತಿರಲಿ. ನೀವು ಕಂಪ್ಯೂಟರಿನಲ್ಲಿ ಹಾಕಿಕೊಂಡ ಪ್ಲಗಿನ್‌ಗಳು ಬ್ರೌಸರ್ ಸ್ಟುಡಿಯೋದಲ್ಲಿ ಸಿಗುವುದಿಲ್ಲ. ರೆಕಾರ್ಡಿಂಗ್ ವಿಳಂಬವೂ ಹೆಚ್ಚು. ಬ್ಯಾಂಡ್‌ಲ್ಯಾಬ್‌ನಲ್ಲಿ ಈ ವಿಳಂಬವನ್ನು (ಲೇಟೆನ್ಸಿ) ಸರಿಪಡಿಸುವ ಪರೀಕ್ಷೆ ಇದೆ, ಅದನ್ನು ಮಾಡದೆ ಹಾಡಬೇಡಿ. ಬ್ಲೂಟೂತ್ ಹೆಡ್‌ಫೋನ್ ಅಂತೂ ಬೇಡವೇ ಬೇಡ. ಅದೊಂದೇ 100 ಮಿಲಿಸೆಕೆಂಡಿಗೂ ಹೆಚ್ಚು ತಡ ಮಾಡಬಲ್ಲದು. ಪ್ರಾಜೆಕ್ಟ್ ‘ಪ್ರೈವೇಟ್’ ಆಗಿದೆಯಾ ಅಂತಲೂ ನೋಡಿ, ಇವು ಸ್ಟುಡಿಯೋ ಜೊತೆಗೆ ಸಾಮಾಜಿಕ ತಾಣವೂ ಹೌದು. ಹಾಡಿನ ಅಸ್ಥಿಪಂಜರ ಇಲ್ಲಿ ಕಟ್ಟಿ, ಒಂದು ರೂಪ ಬಂದ ಮೇಲೆ ಟ್ರ್ಯಾಕ್‌ಗಳನ್ನು ಒಂದೊಂದಾಗಿ ಇಳಿಸಿಕೊಂಡು ಮಿಕ್ಸನ್ನು ಪೂರ್ಣ ಸಾಫ್ಟ್‌ವೇರಿನಲ್ಲಿ ಮಾಡುವುದು ಜಾಣತನ.

ಎಲ್ಲರೂ ಒಂದೇ ಹೊತ್ತಿಗೆ ನುಡಿಸಬಹುದಾ?

ನುಡಿಸಬಹುದು, ಷರತ್ತುಗಳಿವೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ ಮೂರು ಮೀಟರ್ ಆಚೆಯ ಡ್ರಮ್ಸ್ ನಿಮಗೆ ಕೇಳುವುದೇ 9 ಮಿಲಿಸೆಕೆಂಡ್ ತಡವಾಗಿ, ಅದು ಯಾರಿಗೂ ತೊಂದರೆ ಅನ್ನಿಸುವುದಿಲ್ಲ. 25–30 ಮಿಲಿಸೆಕೆಂಡ್ ದಾಟಿದರೆ ಒಬ್ಬರನ್ನೊಬ್ಬರು ಕಾಯುತ್ತಾ ಹಾಡು ನಿಧಾನವಾಗುತ್ತಾ ಹೋಗುತ್ತದೆ. ಫೈಬರ್ ಕೇಬಲ್ಲಿನಲ್ಲಿ ಬೆಳಕು 1000 ಕಿಲೋಮೀಟರ್ ದಾಟಲು ಕನಿಷ್ಠ 5 ಮಿಲಿಸೆಕೆಂಡ್ ಬೇಕು. ಅದರ ಮೇಲೆ ಆಡಿಯೋ ಇಂಟರ್‌ಫೇಸಿನ (ಮೈಕ್, ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಬಫರ್, ರೂಟರ್, ಸುತ್ತು ದಾರಿ ಎಲ್ಲ ಸೇರುತ್ತದೆ. ಹಾಗಾಗಿ ಒಂದೇ ಊರಿನವರಿಗೆ, ಅಕ್ಕಪಕ್ಕದ ಊರಿನವರಿಗೆ ಸಾಧ್ಯ. ಖಂಡಾಂತರ ಅಂದರೆ ಯಾವ ಆ್ಯಪ್ ಏನೇ ಹೇಳಲಿ, ನಂಬಬೇಡಿ.

ವಿಡಿಯೋ ಕಾಲ್ ಇದಕ್ಕೆ ಆಗುವುದಿಲ್ಲ. ತಡ ಜಾಸ್ತಿ ಅನ್ನುವುದು ಒಂದು. ಮಾತಲ್ಲದ್ದನ್ನೆಲ್ಲ ಗದ್ದಲ ಅಂತ ತಿಳಿದು ಅದು ಎಳೆದ ಸ್ವರವನ್ನೇ ನುಂಗಿಬಿಡುತ್ತದೆ ಅನ್ನುವುದು ಇನ್ನೊಂದು. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಹಾಕಿದರೆ ಎರಡನೆಯದು ಸರಿಹೋಗುತ್ತದೆ, ಮೊದಲನೆಯದು ಹೋಗುವುದಿಲ್ಲ.

ಇದಕ್ಕೆಂದೇ ಇರುವವುಗಳಲ್ಲಿ ಜಾಮ್ಯುಲಸ್, ಸೋನೋಬಸ್ ಎರಡೂ ಉಚಿತ. ಜಾಮ್ಯುಲಸ್‌ನಲ್ಲಿ ಎಲ್ಲರೂ ಒಂದು ಸರ್ವರ್‌ಗೆ ಸೇರುತ್ತಾರೆ, ಮಿಕ್ಸ್ ಆದ ಧ್ವನಿ ಅಲ್ಲಿಂದ ಬರುತ್ತದೆ. ಆರೇಳು ಜನ ಇದ್ದರೂ ನಿಮ್ಮ ಅಪ್‌ಲೋಡ್ ಮೇಲೆ ಹೊರೆ ಹೆಚ್ಚುವುದಿಲ್ಲ, ಎಲ್ಲರಿಗೂ ಹತ್ತಿರದ ಸರ್ವರ್ ಹುಡುಕಬೇಕು ಅಷ್ಟೇ. ಸೋನೋಬಸ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ನೇರ ಸಂಪರ್ಕ. ಹೊಂದಿಸುವುದು ಸುಲಭ, ಫೋನಿನಲ್ಲೂ ನಡೆಯುತ್ತದೆ, ಆದರೆ ಜನ ಹೆಚ್ಚಿದಂತೆ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಕಳಿಸಬೇಕು. ಇಬ್ಬರು ಮೂವರಿದ್ದರೆ ಸೋನೋಬಸ್, ಹೆಚ್ಚಿದ್ದರೆ ಜಾಮ್ಯುಲಸ್. ಸ್ಟ್ಯಾನ್‌ಫರ್ಡ್‌ನ ಸಂಗೀತ ಸಂಶೋಧನಾ ಕೇಂದ್ರದಿಂದ ಬಂದ ಜ್ಯಾಕ್‌ಟ್ರಿಪ್ ಕುಗ್ಗಿಸದ ಧ್ವನಿಯನ್ನೇ ಕಳಿಸುತ್ತದೆ, ಸಂಪರ್ಕ ತುಂಬಾ ಗಟ್ಟಿ ಇರಬೇಕು. ಯಾವುದಾದರೂ ಸರಿ, ವೈಫೈ ಬಿಟ್ಟು ಕೇಬಲ್ ಹಾಕಿ.

ದೂರ ಜಾಸ್ತಿ ಇದ್ದವರಿಗೆ ನಿನ್‌ಜ್ಯಾಮ್ ಅಂತ ಒಂದು ತಮಾಷೆಯ ಉಪಾಯ ಇದೆ. ತಡವನ್ನು ಕಡಿಮೆ ಮಾಡುವ ಬದಲು ಅದು ಒಂದು ಪೂರ್ತಿ ಆವರ್ತನದಷ್ಟು ಹೆಚ್ಚಿಸುತ್ತದೆ. ಉಳಿದವರು ಹೋದ ಸುತ್ತಿನಲ್ಲಿ ನುಡಿಸಿದ್ದು ನಿಮಗೆ ಈ ಸುತ್ತಿನಲ್ಲಿ ತಾಳಕ್ಕೆ ಸರಿಯಾಗಿ ಕೇಳುತ್ತದೆ. ಒಂದೇ ಕಾರ್ಡ್‌ಗಳ ಮೇಲೆ ಸುತ್ತುತ್ತಾ ಜಾಮ್ ಮಾಡಲು ಮಜಾ, ಪಲ್ಲವಿ ಚರಣ ಬದಲಾಗುವ ಹಾಡಿಗೆ ಆಗದು. ರೀಪರ್ ಜೊತೆಗೇ ಇದರ ಪ್ಲಗಿನ್ ಬರುತ್ತದೆ.

ಲೈವ್ ಸಾಧನಗಳನ್ನು ರಿಹರ್ಸಲ್‌ಗೆ ಬಳಸಿ, ರೆಕಾರ್ಡಿಂಗ್‌ಗೆ ಬೇಡ. ಜಾಲದಲ್ಲಿ ಧ್ವನಿಯ ಒಂದು ತುಣುಕು (ಪ್ಯಾಕೆಟ್) ಬಿದ್ದುಹೋದರೆ ಆ ಜಾಗದಲ್ಲಿ ಟಿಕ್ ಅನ್ನುವ ಸದ್ದು ಉಳಿಯುತ್ತದೆ. ಹೊಂದಿಸಿಕೊಂಡ ಮೇಲೆ ಪ್ರತಿಯೊಬ್ಬರೂ ತಮ್ಮಲ್ಲೇ ರೆಕಾರ್ಡ್ ಮಾಡಿ ಫೋಲ್ಡರಿಗೆ ಹಾಕಲಿ. ಮಿಕ್ಸ್ ಮಾಡುವವರ ಪಕ್ಕದಲ್ಲಿ ಕೂತ ಹಾಗೆ ಎಲ್ಲರೂ ಕೇಳಬೇಕು, ‘ಗಾಯನ ಸ್ವಲ್ಪ ಮೇಲೆತ್ತು’ ಅನ್ನಬೇಕು ಅಂದರೆ ಅದಕ್ಕೆ ಲಿಸನ್‌ಟು ಇದೆ. ಮಿಕ್ಸ್ ಸಾಫ್ಟ್‌ವೇರಿನ ಧ್ವನಿಯನ್ನು ಒಳ್ಳೆಯ ಗುಣಮಟ್ಟದಲ್ಲಿ ನೇರ ಬಿತ್ತರಿಸುತ್ತದೆ. ಅಲ್ಲಿ ಒಂದು ಸೆಕೆಂಡ್ ತಡವಾದರೂ ಯಾರಿಗೂ ಲೆಕ್ಕಕ್ಕಿಲ್ಲ.

ಖಾತೆ ಯಾರ ಹೆಸರಿನಲ್ಲಿ?

ಇದನ್ನು ಮೊದಲೇ ಕೇಳಿಕೊಳ್ಳಿ. ಫೋಲ್ಡರ್ ಒಬ್ಬರ ವೈಯಕ್ತಿಕ ಖಾತೆಯಲ್ಲಿದ್ದು ಅವರು ಬ್ಯಾಂಡ್ ಬಿಟ್ಟರೆ ಹಾಡುಗಳೂ ಅವರ ಜೊತೆ ಹೋಗುತ್ತವೆ. ಬ್ಯಾಂಡಿನ ಹೆಸರಿನಲ್ಲೇ ಒಂದು ಖಾತೆ ಮಾಡಿ, ಪಾಸ್‌ವರ್ಡ್ ಇಬ್ಬರ ಹತ್ತಿರ ಇರಲಿ.

ಸೇವೆಗಳೂ ಶಾಶ್ವತ ಅಲ್ಲ. ಪ್ರಾಜೆಕ್ಟ್ ಹಂಚಿಕೊಳ್ಳಲು ಬಹಳ ಜನ ನೆಚ್ಚಿಕೊಂಡಿದ್ದ ಸ್ಪ್ಲೈಸ್ ಸ್ಟುಡಿಯೋ 2023ರಲ್ಲಿ ಬಾಗಿಲು ಹಾಕಿತು. ಒಟ್ಟಿಗೆ ಜಾಮ್ ಮಾಡುವ ಎಂಡ್‌ಲೆಸ್ ಮುಂದಿನ ವರ್ಷ ಮುಚ್ಚಿತು. ಆದ್ದರಿಂದ ಯಾವ ದಾರಿ ಹಿಡಿದರೂ ಒಂದು ಹಾಡು ಮುಗಿದ ದಿನವೇ ಎಲ್ಲ ಟ್ರ್ಯಾಕನ್ನೂ ಸೊನ್ನೆಯಿಂದ ವೇವ್ ಆಗಿ ತೆಗೆದು, ಇಬ್ಬರ ಮನೆಯ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ. ಜೊತೆಗೆ ಒಂದು ಚಿಕ್ಕ ಟೆಕ್ಸ್ಟ್ ಫೈಲ್: ವೇಗ, ಶ್ರುತಿ, ಸ್ಯಾಂಪಲ್ ರೇಟ್, ಯಾರು ಏನು ನುಡಿಸಿದರು, ಸಾಹಿತ್ಯ ಯಾರದು, ರಾಗ ಹಾಕಿದ್ದು ಯಾರು. ಹಾಡಿಗೆ ನಾಳೆ ದುಡ್ಡು ಬಂದು ಪಾಲು ಮಾಡಬೇಕಾದಾಗಲೂ ಎಲ್ಲರೂ ಹುಡುಕುವುದು ಆ ಫೈಲನ್ನೇ.